ಹಲಸಿನ ಹಲಗೆಯ ಚಂದದ ಮುಖ

ಆ ದಿನ ಮಧ್ಯಾಹ್ನ ನನ್ನ ಗಂಡ ವಾಮನ ಆಚಾರ್ಯರು ಜಗಲಿಯಲ್ಲಿ ಹಲಸಿನ ಹಲಗೆಗೆ ಕೆನ್ನೆಯಿಟ್ಟು ಬಾಗಿದ್ದರು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮರದ ಮಟ್ಟಕ್ಕೆ ಇಳಿಸಿ, ಉಸಿರು ಹಿಡಿದು ನೋಡುತ್ತಿದ್ದರು. ಹಲಗೆ ಸಪಾಟಾಗಿದೆಯೇ ಎಂದು ತಿಳಿಯುವ ಅವರ ಕ್ರಮ ಅದು. ಪಾಣೆಮಂಗಳೂರಿನ ನಮ್ಮ ಮನೆಗೆ ಹೊಸದಾಗಿ ಬಂದವರು ಅವರಿಗೆ ತಲೆ ಸುತ್ತಿತೆಂದು ಹೆದರಿ ನನ್ನನ್ನು ಕರೆದದ್ದೂ ಉಂಟು.

"ಊಟ ತಣೀತಾ ಉಂಟು" ಎಂದೆ.

"ತಣಿಯಲಿ ಮಾರಾಯ್ತಿ. ಇದು ನಿನ್ನ ಅಡುಗೆಕಟ್ಟೆ. ಬೇರೆಯವರದ್ದಾದ್ರೆ ಆಗಲೇ ಉಣ್ತಿದ್ದೆ."

ಮೂಡುಬಿದಿರೆಯಲ್ಲಿ ಗಲ್ಫಿನಿಂದ ಮರಳಿದವರೊಬ್ಬರು ಗ್ರಾನೈಟ್ ಬೇಡವೆಂದು ಅಡುಗೆಕಟ್ಟೆಗೆ ಮರದ ಹಲಗೆ ಹಾಕಿಸಿಕೊಂಡಿದ್ದರು. ಕೆಲಸ ನನ್ನ ಗಂಡನದೇ. ಅದನ್ನು ನೋಡಲು ಹೋದ ನಾನು, ಕೈಗೆ ತಣ್ಣಗೆ ಹತ್ತುವುದಿಲ್ಲ, ಒಳ್ಳೆಯದುಂಟು ಎಂದಿದ್ದೆ. ಅಷ್ಟಕ್ಕೇ ಇವರು ಬೆಳ್ತಂಗಡಿಯಲ್ಲಿ ಯಾರದೋ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಹಲಸಿನಿಂದ ಅಗಲದ ಹಲಗೆಯೊಂದನ್ನು ಕೊಯ್ಯಿಸಿ ತಂದು, ನೆರಳಲ್ಲಿ ಒಣಗಲು ಇಟ್ಟಿದ್ದರು. ಅಷ್ಟು ಅಗಲದ್ದು ಇನ್ನೊಂದು ಸಿಗುವಂತಿರಲಿಲ್ಲ.

ಮರದ ವಿಷಯದಲ್ಲಿ ಅವರಿಗೆ ಅವಸರವೇ ಇರಲಿಲ್ಲ. ಮರ ಕೊಯ್ಯುವ ಕೈಮೆಶಿನ್ ಕೊಳ್ಳಲು ಬಿ.ಸಿ. ರೋಡಿನ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಒಂದೊಂದನ್ನೂ ಎತ್ತಿ, ಕೈಯಲ್ಲಿ ತೂಗಿ, ಖಾಲಿ ಓಡಿಸಿ, ಕಣ್ಣು ಮುಚ್ಚಿ ಸದ್ದು ಕೇಳಿದರು. ಹಲ್ಲು ಕಡಿಮೆ ಇರುವ ಬ್ಲೇಡ್ ಬೇಗ ಕೊಯ್ಯುತ್ತದೆ, ಆದರೆ ಅಂಚು ಒರಟು ಎಂದು ನನಗೆ ಹೇಳಿ, ಸಣ್ಣ ಹಲ್ಲಿನದನ್ನೇ ಹುಡುಕಿಸಿದರು. ಅಂಗಡಿಯವನಿಗೆ ಸಾಕಾಗಿತ್ತು.

"ಆಚಾರ್ರೆ, ನೀವು ಮೆಶಿನ್ ತೆಕ್ಕೊಳ್ಲಿಕ್ಕೆ ಬಂದದ್ದಾ, ಹೆಣ್ಣು ನೋಡ್ಲಿಕ್ಕಾ?"

"ಹೆಣ್ಣು ನೋಡುವಾಗ ಇಷ್ಟು ನೋಡ್ಲಿಲ್ಲ ಮಾರಾಯ. ಆಗ ಬೆರಳು ಹೋಗುವ ಹೆದರಿಕೆ ಇರ್ಲಿಲ್ಲ" ಎಂದು ಹೇಳಿ, ನಾನು ಕೇಳಿಸಿಕೊಂಡೆನೇ ಎಂದು ಓರೆಗಣ್ಣಿನಲ್ಲಿ ನೋಡಿದರು.

ಆ ಮೆಶಿನನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. "ಅದಕ್ಕೆ ಒಂದು ಕೈಯ ಅಭ್ಯಾಸ ಸಾಕು. ಎರಡು ಕೈ ಆದ್ರೆ ಕಚ್ತದೆ" ಎನ್ನುತ್ತಿದ್ದರು. ಹಾಗಾಗಿ ಅವರ ಹೊರತು ಅದರ ಬಳಕೆ ಯಾರಿಗೂ ಗೊತ್ತಾಗಲಿಲ್ಲ.

ಆ ದಿನ ಹಲಗೆಗೆ ಗೆರೆ ಎಳೆದು, "ನಾಳೆ ಕೊಯ್ಯುವ" ಎಂದು ಊಟಕ್ಕೆ ಬಂದರು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೇ ಕೈಯಿಂದ ಬ್ರಶ್ ಬಿತ್ತು, ಮತ್ತೆ ಅವರೇ ಬಿದ್ದರು. ಆಸ್ಪತ್ರೆಯಿಂದ ಕರೆತಂದಾಗ ಬಲಗೈಗೆ ಬಲವಿರಲಿಲ್ಲ. ಮಾತೂ ಇರಲಿಲ್ಲ. ಕಣ್ಣುಗಳಲ್ಲಿ ಮಾತ್ರ ಎಲ್ಲವೂ ಗೊತ್ತಿತ್ತು.

ಜಗಲಿಯಲ್ಲಿ ಮಂಚ ಹಾಕಿದೆವು. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಆ ಹಲಗೆ. ದಿನವಿಡೀ ಅದನ್ನೇ ನೋಡುತ್ತಿದ್ದರು. ಅವರ ಬಹುಕಾಲದ ಜೊತೆಗಾರ, ಪಾಲಿಶ್ ಕೆಲಸದ ಹಮೀದ್, ಅದನ್ನು ಕಂಡು ತಡೆಯಲಾರದೆ ಹೋದರು. ಇವರು ಇರುವಾಗಲೇ ಕಟ್ಟೆ ಮುಗಿಯಬೇಕು ಎಂಬ ಆಸೆ ನನಗೂ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

"ಆಚಾರ್ರೆ, ನಿಮ್ಮ ಕಣ್ಣೆದುರೇ ಕೊಯ್ತೇನೆ" ಎಂದರು ಹಮೀದ್. "ತಪ್ಪಿದ್ರೆ ಬೈಯ್ಲಿಕ್ಕಾದ್ರೂ ನಿಮಗೆ ಮಾತು ಬರ್ಲಿ."

ಇವರ ಬಾಯಿಯ ಒಂದು ಬದಿ ನಕ್ಕಿತು.

ಹಮೀದ್ ಹಲಗೆಯನ್ನು ಬೆಂಚಿನ ಮೇಲೆ ಇಟ್ಟು ಮೆಶಿನ್ ಎತ್ತಿಕೊಂಡಾಗ ಇವರು ಎಡಗೈಯನ್ನು ಮಗುಚತೊಡಗಿದರು. ಅಂಗೈ ಮೇಲೆ, ಅಂಗೈ ಕೆಳಗೆ. ಮತ್ತೆ ಮತ್ತೆ. ಗಂಟಲಿನಿಂದ ಏನೋ ಸ್ವರ.

"ನೀರಾ?" ಎಂದೆ. ಅಲ್ಲ. "ಬಿಸಿಲು ಬೀಳ್ತದಾ?" ಅದೂ ಅಲ್ಲ.

"ಅಕ್ಕಾ, ಮಲಗಿ ಮಲಗಿ ಬೆನ್ನು ನೋಯ್ತದೋ ಏನೋ, ಮಗ್ಗುಲಿಗೆ ಹಾಕುವ" ಎಂದರು ಹಮೀದ್. ಇಬ್ಬರೂ ಸೇರಿ ಮೆಲ್ಲಗೆ ಎಡಮಗ್ಗುಲಿಗೆ ತಿರುಗಿಸಿದೆವು. ಮಗುಚುತ್ತಿದ್ದ ಕೈ ಮೈಯಡಿಗೆ ಸಿಕ್ಕಿತು. ಮುಖ ಗೋಡೆಯ ಕಡೆಗಾಯಿತು. ಮೆಶಿನ್ ಸದ್ದು ಶುರುವಾದ ಮೇಲೆ ಅವರ ಸ್ವರ ನನಗೆ ಕೇಳಿಸಲಿಲ್ಲ.

ಸದ್ದು ನಿಂತಾಗ ಹಮೀದ್ ಬ್ಲೇಡನ್ನೂ ಹಲಗೆಯನ್ನೂ ನೋಡುತ್ತಾ ನಿಂತಿದ್ದರು. ಗೆರೆಯ ಉದ್ದಕ್ಕೂ ಮೇಲ್ಮೈಯಲ್ಲಿ ಸಿಬಿರು ಎದ್ದು, ಅರಿಶಿನ ಬಣ್ಣದ ಹಲಸು ಇಲಿ ಕಡಿದಂತಾಗಿತ್ತು.

"ಕೈಗರಗಸದಲ್ಲಾದ್ರೆ ಹಲಗೆಯ ಚಂದದ ಮುಖ ಮೇಲೆ ಇಟ್ಟೇ ಕೊಯ್ಯುದು ಅಕ್ಕಾ. ನಾನು ಕಲಿತದ್ದು ಅದು. ಈ ಮೆಶಿನಿನ ಹಲ್ಲು ಅಡಿಯಿಂದ ಮೇಲೆ ಬರ್ತದೆ, ಮೇಲಿನ ಮುಖದಲ್ಲೇ ಸಿಬಿರು ಏಳ್ತದೆ. ಹಲಗೆ ಮಗುಚಿ ಹಾಕ್ಬೇಕಿತ್ತು." ಮಂಚದ ಕಡೆ ತಿರುಗಿ, "ಆಚಾರ್ರು ಹೇಳಿದ್ದು ಅದನ್ನೇ" ಎಂದರು.

ನಾನು ಓಡಿಹೋಗಿ ಅವರನ್ನು ಈಚೆಗೆ ತಿರುಗಿಸಿದೆ. ಅವರ ಕಣ್ಣಲ್ಲಿ ನೀರಿತ್ತು. ಹಮೀದ್ ಮಂಚದ ಪಕ್ಕ ಕುಕ್ಕರಿಸಿ ಕೂತರು. ಇವರು ಎಡಗೈ ಚಾಚಿ ಹಮೀದರ ತಲೆಗೂದಲಿನಿಂದ ಮರದ ಪುಡಿ ಕೊಡವಿದರು.

ಹಮೀದ್ ಮೇಣ ತುಂಬಿ, ಉಜ್ಜಿ, ಪಾಲಿಶ್ ಹಾಕಿ ಹಲಗೆಯನ್ನು ಕೂರಿಸಿದ್ದಾರೆ. ನಾನು ದಿನವೂ ಅದರ ಮೇಲೆ ಅಡುಗೆ ಮಾಡುತ್ತೇನೆ. ಅಂಚಿನ ಒರಟು ಕೈಗೆ ಹತ್ತುತ್ತದೆ, ಅದು ಅಭ್ಯಾಸವಾಗಿದೆ.

ಇವರು ತೀರಿಹೋದದ್ದು ಮಳೆಗಾಲ ಮುಗಿಯುವ ಮೊದಲು. ಕೊನೆಯ ದಿನಗಳಲ್ಲಿ ಹೊಸದೊಂದು ಸನ್ನೆ ಮಾಡುತ್ತಿದ್ದರು. ಎರಡು ಬೆರಳು ಜೋಡಿಸಿ ಮಂಚದ ಅಂಚಿಗೆ ತಟ್ಟಿ, ನನ್ನ ಮುಖ ನೋಡಿ ಕಾಯುತ್ತಿದ್ದರು. ನಾನು ನೀರು ಕೊಟ್ಟೆ, ಕಿಟಕಿ ತೆರೆದೆ, ಹಮೀದರನ್ನು ಕರೆಸಿದೆ, ಗೊತ್ತಿದ್ದ ಎಲ್ಲರ ಹೆಸರನ್ನೂ ಒಂದೊಂದಾಗಿ ಹೇಳಿದೆ. ಪ್ರತಿ ಸಲವೂ ಅವರು ಕಣ್ಣು ಮುಚ್ಚಿಯೇ ಅಲ್ಲ ಎನ್ನುತ್ತಿದ್ದರು. ಅವರು ಹೇಳುತ್ತಿದ್ದದ್ದು ಏನೆಂದು ನನಗೆ ಇನ್ನೂ ಗೊತ್ತಿಲ್ಲ.