ಗಿಟಾರಿಗೆ ಮೈಕು ಹಿಡಿದ ಕೈ

ನಿನ್ನೆ ಬೆಳಿಗ್ಗೆ ನಡುಮನೆಯಲ್ಲಿ ಸುಟ್ಟ ದೂಳಿನ ವಾಸನೆ ಬಂತು. ಒಲೆಯ ಮೇಲೆ ಏನನ್ನೋ ಮರೆತಿದ್ದೇನೆಂದು ಅಡುಗೆಮನೆಗೆ ಓಡಿದೆ. ಒಲೆ ತಣ್ಣಗಿತ್ತು. ವಾಪಸು ಬಂದು ನೋಡಿದರೆ, ಮಕ್ಕಳೇ, ನಿಮ್ಮಲ್ಲಿ ದೊಡ್ಡವನು ತನ್ನ ಗಿಟಾರಿನಿಂದ ಒಂದು ವೈರು ಎಳೆದು, ಯಾರದೋ ಮನೆಯಿಂದ ಹೊತ್ತು ತಂದ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಅದರ ಮುಂದೆ ಕೂತಿದ್ದ. ಅಜ್ಜಿ, ಅಮ್ಮ ನುಡಿಸುತ್ತಿದ್ದ ಕಾಲದಲ್ಲಿ ಗಿಟಾರಿಗೆ ವೈರೇ ಇರಲಿಲ್ಲವಂತೆ, ಮತ್ತೆ ಸಭೆಯಲ್ಲಿ ಕೂತವರಿಗೆ ಹೇಗೆ ಕೇಳಿಸುತ್ತಿತ್ತು ಎಂದು ಕೇಳಿದ. ಹೇಳುವುದಕ್ಕೆ ಬಾಯಿ ತೆರೆದೆ. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಮುಚ್ಚಿದೆ. ಬರೆದು ಕೊಡುತ್ತೇನೆ ಬಿಡು ಎಂದೆ.

ನನ್ನದು ಯಾವಾಗಲೂ ಹೀಗೇ. ಮಾಗಡಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಹೆಸರು ಕೇಳಿದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ನಿಮ್ಮ ತಾತ ಹೆಣ್ಣು ನೋಡಲು ಬಂದಾಗ ಹಿರಿಯರು ಒಂದು ಹಾಡು ಹೇಳಮ್ಮ ಎಂದರು. ನಾನು ಒಳಗೆ ಹೋಗಿ ಇನ್ನೊಂದು ತಟ್ಟೆ ಉಪ್ಪಿಟ್ಟು ತಂದಿಟ್ಟೆ. ಮತ್ತೆ ಕೇಳಿದರು, ಮತ್ತೊಂದು ತಟ್ಟೆ ತಂದೆ. ಹಾಡು ಕೇಳಿದ ತಪ್ಪಿಗೆ ಮೂರು ತಟ್ಟೆ ಉಪ್ಪಿಟ್ಟು ತಿಂದವನು ನಾನು ಎಂದು ಅವರು ಕೊನೆಯವರೆಗೂ ಹೇಳಿಕೊಂಡು ತಿರುಗಿದರು. ಮದುವೆಯಾಗಿ ಬನಶಂಕರಿಗೆ ಬಂದ ಮೇಲೂ ಬಸ್ಸಿನಲ್ಲಿ ಕಂಡಕ್ಟರಿಗೆ ಇಲ್ಲಿ ನಿಲ್ಲಿಸಿ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಬೇರೆ ಯಾರು ಎಲ್ಲಿ ಇಳಿದರೆ ಅಲ್ಲೇ ಇಳಿದು ಮನೆಗೆ ನಡೆಯುತ್ತಿದ್ದೆ. ಹಾಗಾಗಿ ನನಗೆ ಬೇಡದ ರಸ್ತೆಗಳೆಲ್ಲ ಚೆನ್ನಾಗಿ ಪರಿಚಯ.

ತಾತ ಹೋದ ಮೇಲೆ ಇದು ಇನ್ನೂ ಹೆಚ್ಚಾಯಿತು. ಸಮಾರಂಭಗಳಲ್ಲಿ ಹಿಂದಿನ ಸಾಲಿನ ಕೊನೆಯ ಕುರ್ಚಿ ನನ್ನದು. ಅಲ್ಲಿ ಕೂರು ಎಂದು ಯಾರೂ ಹೇಳಲಿಲ್ಲ, ಮುಂದೆ ಬಾ ಎಂದೂ ಯಾರೂ ಕರೆಯಲಿಲ್ಲ. ನನಗೆ ಅದರಿಂದ ಬೇಜಾರಾಗಲಿಲ್ಲ. ಬೇಜಾರಾದದ್ದು ನಿಮ್ಮ ಅಮ್ಮ ಸುಮಾಳನ್ನು ನೋಡಿ. ಆಗ ಅವಳು ಜಯನಗರದ ಕಾಲೇಜಿನಲ್ಲಿ ಓದುತ್ತಿದ್ದಳು. ಅಪ್ಪನ ಜೊತೆ ವಾದ ಮಾಡಿ ಮಾಡಿ ಬೆಳೆದ ಹುಡುಗಿ, ಅಪ್ಪ ಹೋದ ಮೇಲೆ ವಾದಕ್ಕೆ ಯಾರೂ ಇಲ್ಲದೆ ಸುಮ್ಮನಾಗಿಬಿಟ್ಟಳು. ಇಡೀ ದಿನಕ್ಕೆ ನಮ್ಮಿಬ್ಬರ ಮಾತು "ಊಟ ಆಯ್ತಾ?", "ಹೂಂ" ಅಷ್ಟೇ.

ಅಂಥ ಹೊತ್ತಿನಲ್ಲಿ ಗೆಳತಿಯೊಬ್ಬಳು ಕಲಿತು ಬೇಸತ್ತು ಬಿಟ್ಟ ಗಿಟಾರು ನಮ್ಮ ಮನೆಗೆ ಬಂತು. ಜಯನಗರದ ಫೋರ್ತ್ ಬ್ಲಾಕಿನಲ್ಲಿ ಒಬ್ಬರ ಮನೆಗೆ ಹೋಗಿ ಕಲಿತಳು. ಸಂಜೆ ನಾನು ಅಕ್ಕಿ ಆರಿಸುತ್ತ ಕೂತರೆ ಅವಳು ರೂಮಿನಲ್ಲಿ ನುಡಿಸುತ್ತಿದ್ದಳು. ಅವಳ ಬೆರಳು ಬಹಳ ಮೆತ್ತಗೆ. ನಿದ್ದೆ ಮಾಡುತ್ತಿರುವ ಮಗುವಿನ ಕೂದಲು ಸರಿಸುವ ಹಾಗೆ ತಂತಿ ಮುಟ್ಟುತ್ತಿದ್ದಳು. ನಾನು ಅಕ್ಕಿಯನ್ನು ಮೊರದಲ್ಲಿ ಆಡಿಸುವುದನ್ನೂ ನಿಲ್ಲಿಸಿ ಕೇಳುತ್ತಿದ್ದೆ. ನನಗೆ ಸಂಗೀತ ಗೊತ್ತಿಲ್ಲ. ಆದರೆ ಮನೆಯಲ್ಲಿ ಇನ್ನೊಬ್ಬರು ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು.

ಮೊದಲ ಸಲ ಅವಳು ನಾಲ್ಕು ಜನರ ಮುಂದೆ ನುಡಿಸಿದ್ದು ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ. ಮೈಕ್‌ಸೆಟ್ಟು ಮುನಿಯಪ್ಪನವರದು. ಅವರು ಕದಿರೇನಹಳ್ಳಿಯ ಹಳೆಯ ಮನೆತನದವರು. ನಮ್ಮ ಬಡಾವಣೆ ಎದ್ದ ಜಾಗ ಅವರ ಹುರುಳಿ ಹೊಲ. ಹೊಲ ಹೋದ ಮೇಲೆ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಯಾರ ಮನೆಗೆ ಬಂದರೂ ಒಳಗೆ ಒಮ್ಮೆ ಕಣ್ಣಾಡಿಸಿ, ನಿಮ್ಮ ಅಡುಗೆಮನೆ ಇರೋ ಜಾಗದಲ್ಲಿ ನಾವು ಎತ್ತು ಕಟ್ತಿದ್ವಿ ಎಂದು ತಿಳಿಸುವುದು ಅವರ ರೂಢಿ. ಡೊಳ್ಳಿಗೆ, ನಾದಸ್ವರಕ್ಕೆ, ಕಾರ್ಪೊರೇಟರರ ಭಾಷಣಕ್ಕೆ ಮೈಕು ಇಟ್ಟು ಪಳಗಿದ ಮನುಷ್ಯ. ಗಿಟಾರು ಅವರಿಗೂ ಹೊಸದು. ಅದನ್ನು ಸುತ್ತಲೂ ನೋಡಿದರು. ಮಧ್ಯದಲ್ಲಿ ದೊಡ್ಡ ತೂತು ಕಂಡಿತು. ಶಬ್ದ ಇಲ್ಲಿಂದ ತಾನೇ ಬರೋದು ಎಂದು ಮೈಕನ್ನು ಆ ತೂತಿನೊಳಕ್ಕೇ ತುರುಕಿ ದಾರದಿಂದ ಕಟ್ಟಿದರು.

ಸುಮಾ ಒಂದು ತಂತಿ ಮುಟ್ಟಿದಳು. ಖಾಲಿ ಡ್ರಮ್ಮು ಮೆಟ್ಟಿಲಿನಿಂದ ಉರುಳಿದ ಹಾಗೆ ಶಬ್ದ ಬಂತು. ಆಮೇಲೆ ಅವಳು ಏನೂ ಮುಟ್ಟದಿದ್ದರೂ ಗಿಟಾರು ತಾನೇ ಊಳಿಡತೊಡಗಿತು. ಬೀದಿಯ ನಾಯಿಗಳೆಲ್ಲ ಬಂದು ಪೆಂಡಾಲಿನ ಮುಂದೆ ನಿಂತು ಉತ್ತರ ಕೊಟ್ಟವು. ಮುನಿಯಪ್ಪನವರು ಆಂಪ್ಲಿಫೈಯರ್ ಆರಿಸಿ, ಗಿಟಾರನ್ನು ಕುಂಬಳಕಾಯಿಯ ಹಾಗೆ ತಟ್ಟಿ ನೋಡಿ, ನನ್ನ ಕಡೆ ತಿರುಗಿ ಬಹಳ ಗಂಭೀರವಾಗಿ ಹೇಳಿದರು: "ಮಿಷನ್‌ದೇನೂ ತಪ್ಪಿಲ್ಲಮ್ಮ. ಇದು ಒಳಗೆ ಖಾಲಿ ಐತೆ."

ಖಾಲಿ ಇದ್ದದ್ದಕ್ಕೆ ಪರಿಹಾರವನ್ನೂ ಅವರೇ ಮಾಡಿದರು. ಶಾಮಿಯಾನದ ಹರಿದ ಬಟ್ಟೆಯನ್ನು ತೂತಿನಿಂದ ಒಳಗೆ ತುಂಬಿದರು. ಊಳು ನಿಂತಿತು. ಗಿಟಾರೂ ನಿಂತಿತು. ಬಾಯಿ ತುಂಬ ಅವಲಕ್ಕಿ ಇಟ್ಟುಕೊಂಡವರು ಮಾತಾಡಿದ ಹಾಗೆ ಸುಮಾ ಒಂದು ಹಾಡಿನಷ್ಟು ಹೊತ್ತು ನುಡಿಸಿ ಇಳಿದು ಬಂದಳು. ಮನೆಗೆ ಬಂದು ಆ ಬಟ್ಟೆಯನ್ನು ಇಕ್ಕಳದಲ್ಲಿ ಎಳೆದೆಳೆದು ತೆಗೆದೆವು. ಒಂದು ಸೀರೆಯಷ್ಟು ಉದ್ದವಿತ್ತು.

ಮುನಿಯಪ್ಪನವರಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ಯಾರನ್ನೋ ವಿಚಾರಿಸಿ, ವೈರು ಬೆಸೆದ ಒಂದು ಸಣ್ಣ ಹಿತ್ತಾಳೆ ಬಿಲ್ಲೆ ತಂದರು. ಇದನ್ನು ಗಿಟಾರಿನ ಮೈಗೆ ಅಂಟಿಸಿದರೆ ಸಾಕು, ಮೈಕೇ ಬೇಡ, ಮೈ ನಡುಗಿದ್ದೆಲ್ಲ ಸ್ಪೀಕರ್ ಬಾಕ್ಸಿನಲ್ಲಿ ಕೇಳುತ್ತದೆ ಎಂದರು. ಪಂಕ್ಚರಿಗೆ ಹಾಕುವ ಸಲ್ಯೂಷನ್ ಹಚ್ಚಿ ಅಂಟಿಸಿದರು. ಕುಮಾರಸ್ವಾಮಿ ಲೇಔಟಿನಲ್ಲಿ ಸುಮಾಳ ಗೆಳತಿಯ ಮನೆಯ ಗೃಹಪ್ರವೇಶ. ಹೊಸ ಮನೆಯ ಹಾಲಿನಲ್ಲಿ ಮೂವತ್ತು ಜನ. ಮನೆಯೊಡತಿ, ಕನ್ಯೆ ಬರಿಗೈಯಲ್ಲಿ ಕೂರಬಾರದು ಎಂದು ಸುಮಾಳ ಎರಡೂ ಕೈಗೆ ಡಜನ್ ಡಜನ್ ಹಸಿರು ಗಾಜಿನ ಬಳೆ ಏರಿಸಿದರು. ಶುಭಕಾರ್ಯ, ಬೇಡ ಎನ್ನುವ ಹಾಗಿಲ್ಲ.

ಬಿಲ್ಲೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತು. ಗಿಟಾರಿನ ಅಂಚಿಗೆ ಬಳೆ ತಾಗಿದಾಗಲೆಲ್ಲ ಪಾತ್ರೆ ಅಂಗಡಿ ಬಿದ್ದಷ್ಟು ಸದ್ದು. ದುಪಟ್ಟಾ ಸವರಿದ್ದು ಪೊರಕೆಯಲ್ಲಿ ಗುಡಿಸಿದಂತೆ ಕೇಳಿತು. ಬೆಳಗಿನಿಂದ ಉಪವಾಸವಿದ್ದ ಅವಳ ಹೊಟ್ಟೆ ಒಮ್ಮೆ ಗುರ್ ಎಂದದ್ದೂ ಎರಡು ಬಾಕ್ಸುಗಳಲ್ಲಿ ಬಂತು ಎಂದು ನನಗೆ ಈಗಲೂ ಅನುಮಾನ. ಕೇಳದೆ ಉಳಿದದ್ದು ತಂತಿ ಮಾತ್ರ. ಊಟದ ಪಂಕ್ತಿಯಲ್ಲಿ ಒಬ್ಬ ಹೆಂಗಸು ಅವಳ ಗಲ್ಲ ಸವರಿ, "ಬಳೆ ಎಷ್ಟು ಚೆನ್ನಾಗಿ ನುಡಿಸ್ತೀಯಮ್ಮ" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಅವತ್ತು ಮನೆಗೆ ಬಂದು ಸುಮಾ ಬಳೆಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಮೇಲಿಟ್ಟಳು. ಜೆ.ಪಿ. ನಗರದ ಮಹಿಳಾ ಸಂಘದವರು ವಾರ್ಷಿಕೋತ್ಸವಕ್ಕೆ ಕರೆದಿದ್ದಾರೆ, ಒಪ್ಪಿಕೊಂಡಾಗಿದೆ, ಅದೇ ಕೊನೆ ಎಂದಳು. "ಅಲ್ಲೂ ಯಾರಿಗೂ ಕೇಳಿಸ್ಲಿಲ್ಲ ಅಂದ್ರೆ ಗಿಟಾರ್ ವಾಪಸ್ ಕೊಟ್ಬಿಡ್ತೀನಮ್ಮ. ನಮ್ಮಿಬ್ಬರ ದನೀನೇ ಅಷ್ಟು."

ನಮ್ಮಿಬ್ಬರ ಎಂದಳಲ್ಲ, ಅದು ನನಗೆ ನಾಟಿತು. ಆಸ್ತಿ ಎಂದು ನಾನು ಮಗಳಿಗೆ ಕೊಟ್ಟಿದ್ದು ಇದನ್ನೇನಾ? ಮನೆಯಲ್ಲಿ ಆ ಗಿಟಾರೂ ನಿಂತರೆ ಉಳಿಯುವುದು "ಊಟ ಆಯ್ತಾ", "ಹೂಂ" ಎರಡೇ.

ಮರುದಿನ ಅವಳು ಅಭ್ಯಾಸ ಮಾಡುವಾಗ ನಾನು ನೆಲ ಒರೆಸುತ್ತಿದ್ದೆ. ಬಗ್ಗಿ ಒರೆಸುವಾಗ ನನ್ನ ಕಿವಿ ಸರಿಯಾಗಿ ಗಿಟಾರಿನ ಎತ್ತರಕ್ಕೆ ಬರುತ್ತಿತ್ತು. ತೂತಿನ ಎದುರಿಗೆ ಬಂದಾಗ ಬರೀ ಗುಮ್ ಎನ್ನುತ್ತಿತ್ತು. ಕೆಳಗಿನ ತುದಿಗೆ ಹೋದರೆ ಸೊರಗುತ್ತಿತ್ತು. ಗಿಟಾರಿನ ಕತ್ತು ಮೈಗೆ ಸೇರುತ್ತದಲ್ಲ, ಅದರ ಎದುರು ಒಂದು ಗೇಣು ದೂರಕ್ಕೆ ಬಂದಾಗ ಮಾತ್ರ ಒಂದೊಂದು ತಂತಿಯೂ ಬೇರೆ ಬೇರೆಯಾಗಿ, ತಿಳಿಯಾಗಿ ಕೇಳಿತು. ಸಂತೆಯಲ್ಲಿ ಮಡಕೆಯನ್ನು ಎಲ್ಲೆಂದರಲ್ಲಿ ತಟ್ಟುವುದಿಲ್ಲ, ಅದಕ್ಕೊಂದು ಜಾಗವಿರುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಗಿಟಾರಿಗೂ ಹಾಗೇ ಇರಬೇಕು ಎನಿಸಿತು. ಖಾತ್ರಿ ಮಾಡಿಕೊಳ್ಳಲು ಅದೇ ಮೂರು ಚದರಡಿ ನೆಲವನ್ನು ಏಳೆಂಟು ಸಲ ಒರೆಸಿದೆ. ಕಿವಿಯೋಲೆ ಏನಾದರೂ ಬಿತ್ತಾ ಎಂದು ಸುಮಾ ಕೇಳಿದಳು. ಬಹಳ ಕಷ್ಟಪಟ್ಟು ವಿಷಯ ಹೇಳಿದೆ. ಅವಳು ನನ್ನನ್ನೇ ನೋಡುತ್ತ ಇನ್ನೊಮ್ಮೆ ನುಡಿಸಿದಳು. ಆಮೇಲೆ ನನ್ನನ್ನು ಕೂರಿಸಿ ನಾನು ಸುಮ್ಮನೆ ತಂತಿ ಮೀಟುವಂತೆ ಮಾಡಿ, ತಾನು ಬಟ್ಟೆ ಹಿಡಿದು ನೆಲ ಒರೆಸಿ ನೋಡಿದಳು.

ಜೆ.ಪಿ. ನಗರದ ಆ ಹಾಲ್ ಚಿಕ್ಕದು, ನಲವತ್ತು ಕುರ್ಚಿ. ಮೈಕ್‌ಸೆಟ್ಟು ಅಲ್ಲಿಗೂ ಮುನಿಯಪ್ಪನವರದೇ. ಸುಮಾ ಜಾಗ ತೋರಿಸಿದಳು, ಅವರೂ ಒಪ್ಪಿದರು. ಆದರೆ ಅವರ ಮೈಕ್ ಸ್ಟ್ಯಾಂಡು ಭಾಷಣದ್ದು. ಕೂತವರ ಮಟ್ಟಕ್ಕೆ ಇಳಿಸಿ ಬಗ್ಗಿಸಿದರೆ, ಮಧ್ಯಾಹ್ನದ ಊಟವಾದ ಮೇಲೆ ಕೂತವರ ತಲೆಯ ಹಾಗೆ ಮೆಲ್ಲಗೆ ತೂಗಿ ತೂಗಿ ತೂತಿನ ಕಡೆಗೇ ಬೀಳುತ್ತಿತ್ತು. ಮೂರು ಸಲ ನಿಲ್ಲಿಸಿದರು, ಮೂರು ಸಲ ಬಿತ್ತು. ಯಾರಾದರೂ ಕೈಯಲ್ಲಿ ಹಿಡಿದೇ ಕೂರಬೇಕು ಎಂದರು. ಸುಮಾ ನುಡಿಸಬೇಕು, ಮುನಿಯಪ್ಪನವರು ಆಂಪ್ಲಿಫೈಯರ್ ನೋಡಿಕೊಳ್ಳಬೇಕು, ಆ ಜಾಗ ಗೊತ್ತಿದ್ದವರಲ್ಲಿ ಉಳಿದವಳು ನಾನೊಬ್ಬಳೇ.

ವೇದಿಕೆಯ ಮೇಲೆ ಕೂರುವ ಪ್ರಶ್ನೆಯೇ ಇಲ್ಲ ಎಂದೆ. ಸುಮಾ ಬಲವಂತ ಮಾಡಲಿಲ್ಲ. ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಳು. ಅವಳ ಕುರ್ಚಿಯ ಪಕ್ಕದಲ್ಲಿ ದೀಪ, ಹೂದಾನಿ ಇಟ್ಟ ಮೇಜಿತ್ತು. ನೆಲದವರೆಗೆ ಇಳಿಬಿಟ್ಟ ಬಿಳಿ ಬಟ್ಟೆ ಹೊದಿಸಿದ್ದರು. ನಾನು ಅದನ್ನು ನೋಡಿದೆ. ಮುನಿಯಪ್ಪನವರೂ ನೋಡಿದರು.

ಹೀಗೆ, ಮಕ್ಕಳೇ, ನಿಮ್ಮ ಅಜ್ಜಿ ಮೇಜಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ಎರಡು ಬಟ್ಟೆ ಸೇರುವ ಸಂದಿಯಿಂದ ಬಲಗೈಯನ್ನು ಮಾತ್ರ ಹೊರಗೆ ಚಾಚಿದಳು. ಬರೀ ಕೈ ಕಂಡರೆ ಜನ ಹೆದರುತ್ತಾರೆಂದು ಮುನಿಯಪ್ಪನವರು ಅದಕ್ಕೆ ಭುಜದಿಂದ ಬೆರಳಿನವರೆಗೆ ಶಾಮಿಯಾನದ ಹಸಿರು ಬಟ್ಟೆ ಸುತ್ತಿದರು. ದೂರ ನಿಂತು ನೋಡಿ, ಕಂಪನಿ ಸ್ಟ್ಯಾಂಡಿಗಿಂತ ಚೆನ್ನಾಗಿದೆ ಎಂದರು. ಸಂಘದ ಕಾರ್ಯದರ್ಶಿ ಕಮಲಮ್ಮನವರಿಗೂ ಅದು ಸ್ಟ್ಯಾಂಡಿನ ಹಾಗೇ ಕಂಡಿರಬೇಕು. ಮುಖ್ಯ ಅತಿಥಿಗಳು ಕೊರಳಿನಿಂದ ತೆಗೆದುಕೊಟ್ಟ ಸುಗಂಧರಾಜದ ಹಾರವನ್ನು ತಂದು ನನ್ನ ಮೊಣಕೈಗೆ ನೇತುಹಾಕಿ ಹೋದರು. ಒಳ್ಳೆಯ ಭಾರದ ಹಾರ. ಎಡಗೈಯಿಂದ ಬಲಗೈಯ ಬುಡ ಹಿಡಿದು ಕೂತೆ. ಬಾವಿ ಸೇದಿದ ಕೈ, ತಡೆಯಿತು.

ಸುಮಾ ಶುರು ಮಾಡಿದಳು. ನನಗೆ ಕಾಣುತ್ತಿದ್ದದ್ದು ಅವಳ ಪಾದ ಮಾತ್ರ. ಬಾಕ್ಸಿನಿಂದ ಬಂದದ್ದು ನಮ್ಮ ಮನೆಯ ಶಬ್ದವೇ! ಅಕ್ಕಿ ಆರಿಸುವ ಹೊತ್ತಿನ ಅದೇ ಗಿಟಾರು. ಮೈಕನ್ನು ಆ ಒಂದು ಗೇಣು ದೂರದಿಂದ ಕದಲದ ಹಾಗೆ ಹಿಡಿದೆ. ಆದರೆ ಮುನಿಯಪ್ಪನವರ ಲೆಕ್ಕದಲ್ಲಿ ಚೆನ್ನಾಗಿ ಕೇಳುವುದೆಂದರೆ ಪಕ್ಕದ ಬಡಾವಣೆಗೆ ಕೇಳುವುದು. ಹುರುಪಿನಿಂದ ಸೌಂಡು ಏರಿಸತೊಡಗಿದರು. ಬಾಕ್ಸಿನ ಒಳಗಿನಿಂದ ಆ ಹಳೆಯ ಊಳು ಸಣ್ಣಗೆ ಏಳುತ್ತಿರುವುದು ಕೇಳಿಸಿತು. ಇತ್ತ ಮೇಜಿನಿಂದ ಎರಡು ಮಾರು ದೂರದಲ್ಲಿ, ಮುಂದಿನ ಸಾಲಿನಲ್ಲಿ, ಕಮಲಮ್ಮನವರು ಅಧ್ಯಕ್ಷರ ಜೊತೆ ಬಿಸಿಬೇಳೆಬಾತಿಗೆ ಗೋಡಂಬಿ ಸಾಕಾಗಲಿಲ್ಲ ಎಂಬ ಚರ್ಚೆ ನಡೆಸಿದ್ದರು. ಸುಮಾಳ ಪಾದ ತಾಳ ಹಾಕುವುದನ್ನು ನಿಲ್ಲಿಸಿತು. ಕಾಲ್ಬೆರಳು ಒಳಕ್ಕೆ ಮುದುಡಿಕೊಂಡವು. ಅವಳು ಇನ್ನೇನು ಕೈ ಎತ್ತಿಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು.

ಮೈಕನ್ನು ಒಳಗೆಳೆದುಕೊಂಡೆ. ಹೇಗೆ ಎಳೆದುಕೊಂಡೆನೋ ಇವತ್ತಿಗೂ ತಿಳಿಯದು.

"ಮುನಿಯಪ್ಪಣ್ಣ, ಕಮ್ಮಿ ಮಾಡಿ. ನನ್ನ ಮಗಳು ನುಡಿಸ್ತಾ ಇದಾಳೆ, ಕೇಳಿಸ್ಬೇಕು," ಎಂದೆ. ಬಾಯಿ ತೆರೆದಾಗಿತ್ತು, ಅದಾಗಿ ಮುಚ್ಚಲಿಲ್ಲ. "ಮುಂದೆ ಕೂತಿರೋರೂ ಅಷ್ಟೇ. ಗೋಡಂಬಿ ವಿಷಯ ಆಮೇಲೆ ಮಾತಾಡ್ಕೊಳ್ಳಿ."

ಎರಡೂ ಬಾಕ್ಸುಗಳಿಂದ ನನ್ನ ದನಿ ಹೊರಟು ಗೋಡೆಗೆ ತಾಗಿ ವಾಪಸು ಬಂತು. ಮೊದಲು ಅದು ಯಾರದೆಂದು ನನಗೇ ಗೊತ್ತಾಗಲಿಲ್ಲ. ಸಭೆಯವರು ನೋಡಿದ್ದು ಇಷ್ಟು: ಹಾರ ಹಾಕಿಕೊಂಡ ಮೈಕ್ ಸ್ಟ್ಯಾಂಡು ಮಡಿಚಿಕೊಂಡು ಮೇಜಿನೊಳಗೆ ಹೋಯಿತು, ಬೈದಿತು, ಮತ್ತೆ ಹೊರಗೆ ಬಂದು ಮೊದಲಿನ ಜಾಗದಲ್ಲೇ ನಿಂತಿತು. ಎರಡನೇ ಸಾಲಿನ ಒಬ್ಬ ಅಜ್ಜಿ ಅದಕ್ಕೆ ಕೈ ಮುಗಿದರಂತೆ. ಮುನಿಯಪ್ಪನವರು ಸೌಂಡು ಇಳಿಸಿದರು. ಯಾರೂ ಕೆಮ್ಮಲಿಲ್ಲ. ಆ ನಿಶ್ಶಬ್ದದಲ್ಲಿ ಸುಮಾ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಿದಳು. ಮುಗಿಯುವವರೆಗೂ ಎಲ್ಲರೂ ಕೇಳಿದರು. ಭಕ್ತಿಯಿಂದಲೋ ಹೆದರಿಕೆಯಿಂದಲೋ, ಅಂತೂ ಕೇಳಿದರು.

ಚಪ್ಪಾಳೆಯಾದ ಮೇಲೆ ಕಮಲಮ್ಮನವರು ಬಂದು ಮೇಜಿನ ಬಟ್ಟೆ ಎತ್ತಿ ಬಗ್ಗಿದರು. ದೂಳಿನಲ್ಲಿ ಕೂತ ನನ್ನನ್ನು ನೋಡಿ, ನೀವೇನಾ ಮಾತಾಡಿದ್ದು ಎಂದು ಕೇಳಿದರು. ನನಗೆ ಇದ್ದ ದನಿಯೆಲ್ಲ ಖರ್ಚಾಗಿತ್ತು. ಮೇಲಿನಿಂದ ಸುಮಾ, "ಹೌದು ಮೇಡಂ, ನಮ್ಮಮ್ಮ," ಎಂದಳು, ಜೋರಾಗಿ. ಕಮಲಮ್ಮನವರು ಕೈ ಕೊಟ್ಟು ನನ್ನನ್ನು ಎಬ್ಬಿಸಿದರು. ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ, ತಮ್ಮ ಕುರ್ಚಿಯಲ್ಲೇ ಕೂರಿಸಿದರು.

ಮನೆಗೆ ಬರುವಾಗ ಆಟೋದಲ್ಲಿ ಸುಮಾ ನಗುತ್ತಲೇ ಇದ್ದಳು. ಚೆನ್ನಾಗಿ ಕೇಳಿಸಿತಾ ಎಂದು ಅವಳು ಕೇಳಲಿಲ್ಲ. ಹೊರ ವರ್ತುಲ ರಸ್ತೆ ದಾಟಿದ ಮೇಲೆ ಕಣ್ಣೊರೆಸಿಕೊಂಡು, "ಅಮ್ಮ, ಬರೋ ತಿಂಗಳು ಬಿಟಿಎಮ್‌ನಲ್ಲಿ ಒಂದು ಪ್ರೋಗ್ರಾಂ ಇದೆ. ಒಪ್ಕೊಳ್ಲಾ?" ಎಂದಳು. ಹೂಂ ಎಂದೆ. ಮನೆ ಹತ್ತಿರ ಬರುವಾಗ, "ಅಪ್ಪ ಇದ್ದಿದ್ರೆ ನಿನ್ನ ದನಿ ಕೇಳಿ ಆಟೋದಿಂದ ಬಿದ್ದೋಗಿರೋರು," ಎಂದಳು. ಅವರ ಹೆಸರು ಎತ್ತಿ ನಾವಿಬ್ಬರೂ ನಕ್ಕದ್ದು ಅವತ್ತೇ ಮೊದಲು.

ಆಮೇಲೆ ಆರೇಳು ವರ್ಷ, ಮಡಿವಾಳದಿಂದ ಬನಶಂಕರಿಯವರೆಗಿನ ಸಣ್ಣ ಹಾಲುಗಳಲ್ಲಿ ನಾನು ಮೈಕು ಹಿಡಿದಿದ್ದೇನೆ, ಮೇಜಿನ ಕೆಳಗಲ್ಲ, ಕುರ್ಚಿಯ ಮೇಲೆ ಕೂತು. ಇವರು ನಮ್ಮ ಸ್ಟ್ಯಾಂಡು ಎಂದು ಮುನಿಯಪ್ಪನವರು ಎಲ್ಲರಿಗೂ ಪರಿಚಯ ಮಾಡಿಕೊಡುತ್ತಿದ್ದರು.

ಇದನ್ನು ಬರೆದು ಮುಗಿಸಿ ಮಡಿಚಿ ಅವನ ಪುಸ್ತಕದಲ್ಲಿ ಇಟ್ಟುಬಿಡೋಣ, ಓದಿಕೊಳ್ಳಲಿ ಎಂದುಕೊಂಡಿದ್ದೆ. ಈಗ ಬೇಡ ಎನಿಸುತ್ತಿದೆ. ಭಾನುವಾರ ಉಳಿದವರೂ ಬರುತ್ತೀರಲ್ಲ, ಊಟವಾದ ಮೇಲೆ ನಾನೇ ಓದುತ್ತೇನೆ. ಜೋರಾಗಿ ಓದುವುದಿಲ್ಲ. ಹತ್ತಿರ ಬಂದು ಕೂತುಕೊಳ್ಳಿ.