ಸೋಬಾನೆ ಪದಗಳಿದ್ದ ಫೋನು

ಡೇಟಾ ಸೆಕ್ಯುರಿಟಿಯಲ್ಲಿ ಎಂ.ಟೆಕ್ ಓದುತ್ತಿದ್ದಾಗ ರಜೆಗೆ ಅಜ್ಜಂಪುರಕ್ಕೆ ಬಂದಿದ್ದೆ. ಚಾರ್ಜರ್ ಕೊಳ್ಳಲು ಮೊಬೈಲ್ ರಿಪೇರಿ ಅಂಗಡಿಗೆ ಹೋದರೆ, ಅಂಗಡಿಯವನು ಎದುರಿಗೆ ಕೂತಿದ್ದ ಯಜಮಾನರಿಗೆ ನನ್ನನ್ನು ತೋರಿಸಿದ. "ಇವ್ರನ್ನ ಕೇಳಿ. ಇವ್ರು ಓದ್ತಿರೋದೇ ಲಾಕಿನ ವಿಷ್ಯ."

ಅವರು ಬುಕ್ಕಾಂಬುಧಿಯವರು. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಆಕೆ ಹಾಡಿಟ್ಟಿದ್ದ ಸೋಬಾನೆ ಪದಗಳೆಲ್ಲ ಆಕೆಯ ಫೋನಿನಲ್ಲಿದ್ದವು. ಫೋನಿನ ಲಾಕು ತೆಗೆಯುವ ನಂಬರು ಯಾರಿಗೂ ಗೊತ್ತಿರಲಿಲ್ಲ. ಮದುವೆಯ ದಿನ, ಮಗಳು ಹುಟ್ಟಿದ ದಿನ, ಎಲ್ಲ ಹಾಕಿ ನೋಡಿದ್ದರಂತೆ. ಇನ್ನೊಂದು ಸಲ ತಪ್ಪಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಫೋನು ಎಚ್ಚರಿಸುತ್ತಿತ್ತು. ಬೇರೆಲ್ಲೂ ಕಾಪಿ ಇರಲಿಲ್ಲ.

"ತೆಗೆಯಕ್ಕಾಗಲ್ಲ ಯಜಮಾನ್ರೇ," ಅಂದೆ. "ಕಳ್ಳ ಯಾರು, ಮನೆಯವ್ರು ಯಾರು ಅಂತ ಅದಕ್ಕೆ ಗೊತ್ತಾಗಲ್ಲ."

"ಮೂವತ್ತು ವರ್ಷ ಜತೇಲಿದ್ದೆ ಕಣವ್ವಾ," ಅಂದರು. ಆಮೇಲೆ ನಿಧಾನವಾಗಿ ಕೇಳಿದರು, "ಇದನ್ನ ತೆಗೆಯೋದು ನಿಮ್ಗೆ ಕಲಿಸಲ್ವಾ?"

"ಯಾರೂ ತೆಗೆಯಕ್ಕಾಗದಂಗೆ ಮಾಡೋದನ್ನ ಕಲಿಸ್ತಾರೆ."

ಅವರು ಬೈದಿದ್ದರೆ ಒಳ್ಳೆಯದಿತ್ತು. "ಚೆನ್ನಾಗೇ ಮಾಡವ್ರೆ ಬಿಡು," ಅಂದು ಫೋನನ್ನು ಟವೆಲಿನಲ್ಲಿ ಸುತ್ತಿಕೊಂಡರು. ಬಾಗಿಲ ತನಕ ಹೋದವರು ತಿರುಗಿ ಕೇಳಿದರು, "ದಿನಾ ಚಾರ್ಜಿಗೆ ಹಾಕಿಟ್ರೆ ಹಂಗೇ ಇರುತ್ತಾ?"

"ಇರುತ್ತೆ," ಅಂದೆ.

ಅವರು ಕೇಳಿದ್ದರಲ್ಲಿ ಹೌದು ಅನ್ನಲು ನನಗೆ ಸಿಕ್ಕಿದ್ದು ಅದೊಂದೇ. ಬ್ಯಾಟರಿ ಒಂದಲ್ಲ ಒಂದು ದಿನ ಊದಿಕೊಳ್ಳುತ್ತದೆ ಅನ್ನುವುದನ್ನು ತಿಳಿಯಲು ಎಂ.ಟೆಕ್ ಬೇಕಾಗಿಲ್ಲ. ಅದು ಗೊತ್ತಿದ್ದ ಅಂಗಡಿಯವನೂ ನನ್ನ ಚಾರ್ಜರ್ ಹುಡುಕತೊಡಗಿದ.