ಉರ್ದುವಿನಲ್ಲಿ ಬರೆದಿಟ್ಟ ಪದಗಳು

ಮೊನ್ನೆ ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ವಾರ್ನಿಶ್ ವಾಸನೆ ಮೂಗಿಗೆ ಬಡಿಯಿತು. ಮೋಟಾರಿಗೆ ಹೊಸದಾಗಿ ಸುತ್ತಿದ ತಂತಿಗೆ ಹಚ್ಚುವ, ಗಂಟಲು ಕೆರೆಯುವ ವಾಸನೆ... ನಮ್ಮ ಎಣ್ಣೆ ಗಿರಣಿಯ ಮಿಸ್ತ್ರಿ ಚಾಚಾ ಹತ್ತಿರ ಬಂದರೂ ಇದೇ ವಾಸನೆ ಬರುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಡಿಪ್ಲೊಮಾ ಮುಗಿಸಿದ್ದ ನನ್ನನ್ನು ಸಾವ್ಕಾರರು ಗಿರಣಿಯ ಹೊಸ ಕಂಟ್ರೋಲ್ ರೂಮಿಗೆ ಸೇರಿಸಿಕೊಂಡಿದ್ದರು. ಅಲ್ಲಿಯವರೆಗೆ ಶೇಂಗಾ ಹಿಂಡುವ ಯಂತ್ರಗಳನ್ನು ಚಾಚಾ ಬರೀ ಸದ್ದು ಕೇಳಿ ನಡೆಸುತ್ತಿದ್ದರು. ಈಗ ಪಿಎಲ್‌ಸಿ ಎಂಬ ಪೆಟ್ಟಿಗೆ ಅವಕ್ಕೆ ಆಜ್ಞೆ ಕೊಡುತ್ತಿತ್ತು. ಯಂತ್ರಗಳ ಸುದ್ದಿ ಈಥರ್‌ನೆಟ್ ಕೇಬಲ್‌ನಲ್ಲಿ ಹರಿದು ನನ್ನ ಪರದೆಗೆ ಬರುತ್ತಿತ್ತು.

ಚಾಚಾ ದಿನಕ್ಕೊಂದು ಪದ ಕೇಳಲು ಬರುತ್ತಿದ್ದರು. ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿಗೆ ಸ್ವಿಚ್ ಎನ್ನುತ್ತಾರೆ ಎಂದಾಗ, "ಸ್ವಿಚ್ಚಾ? ಆರ್ಸೋದು ಎಲ್ಲೈತೆ ಇದ್ರಾಗೆ?" ಎಂದು ಬಗ್ಗಿ ನೋಡಿದ್ದರು. ಸುದ್ದಿ ತುಂಡುತುಂಡಾಗಿ ಹೋಗುತ್ತದೆ, ಒಂದೊಂದು ತುಂಡಿಗೂ ಪ್ಯಾಕೆಟ್ ಅಂತ ಹೆಸರು ಎಂದೆ.

"ನಮ್ ಎಣ್ಣೆ ಪ್ಯಾಕೆಟ್ ತರಾನಾ ಬೇಟಿ? ದಾರ್ಯಾಗ್ ಒಡೆದ್ರೆ?"

ಮತ್ತೆ ಕಳಿಸುತ್ತೆ ಎಂದು ನಕ್ಕಿದ್ದೆ. ಅವರು ನಗಲಿಲ್ಲ. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಉರ್ದುವಿನಲ್ಲಿ ಏನೋ ಬರೆದುಕೊಂಡರು.

ಎರಡು ತಿಂಗಳಾಗುವಷ್ಟರಲ್ಲಿ ಯಂತ್ರಗಳು ಇದ್ದಕ್ಕಿದ್ದಂತೆ ನಿಲ್ಲತೊಡಗಿದವು. ಪರದೆಯ ಮೇಲೆ ಸಂಪರ್ಕ ಕಡಿದಿದೆ ಎಂಬ ಕೆಂಪು ಅಕ್ಷರ. ಯಂತ್ರ ಕೂರಿಸಿದ ಎಂಜಿನಿಯರ್ ಬಂದು ಎಲ್ಲ ನೋಡಿ, ತಮ್ಮ ಕಡೆಯಿಂದ ದೋಷವಿಲ್ಲ, ಒಳಗಿನವರದೇ ಯಾರದೋ ಕೈ ಇರಬೇಕು ಎಂದು ಹೇಳಿ ಹೋದರು.

ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಯಂತ್ರ ನಿಂತಾಗಲೆಲ್ಲ ಚಾಚಾ ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ಬರೆಯುತ್ತಿದ್ದರು. ಒಂದು ದಿನ ವೈರುಗಳಿದ್ದ ಪ್ಯಾನೆಲ್‌ನ ಬಾಗಿಲು ತೆರೆದು ಒಳಗೆ ಇಣುಕುತ್ತಿದ್ದವರು ನನ್ನನ್ನು ಕಂಡು ಮುಚ್ಚಿದರು. ಈ ಪೆಟ್ಟಿಗೆ ಬಂದ ಮೇಲೆ ಅವರನ್ನು ಕೇಳುವವರಿರಲಿಲ್ಲ; ಅದು ಕೆಟ್ಟರೆ ಅವರಿಗೇ ಲಾಭ ಅನ್ನಿಸಿತು. ಅವರ ಪ್ರಶ್ನೆಗಳಿಗೆ ಅರ್ಧಂಬರ್ಧ ಉತ್ತರ ಕೊಡತೊಡಗಿದೆ. ಚಹಾಕ್ಕೆ ಹೋಗುವಾಗ ಕೋಣೆಗೆ ಬೀಗ ಹಾಕಿದೆ. ಕೊನೆಗೆ ಸಾವ್ಕಾರರ ಬಳಿ ಎಲ್ಲ ಹೇಳಿದೆ.

ಸಾವ್ಕಾರರು ನನ್ನೆದುರೇ ಅವರನ್ನು ಕರೆಸಿ ನೋಟ್‌ಬುಕ್ ಇಸಕೊಂಡರು. "ಏನ್ರಿ ಇದು? ಯಾರ್ಗೂ ತಿಳೀಬಾರ್ದು ಅಂತಾನಾ?"

"ನಂಗ್ ಬರೋದು ಇದೊಂದೇ ಅಕ್ಷರ, ಸಾವ್ಕಾರ್ರೆ."

ಒಮ್ಮೆ ನನ್ನ ಕಡೆ ನೋಡಿದರು. ನೋಟ್‌ಬುಕ್ ಅಲ್ಲೇ ಬಿಟ್ಟು ಹೊರಟುಹೋದರು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಅವರು ಹೋದ ಮೇಲೂ ಯಂತ್ರಗಳು ನಿಲ್ಲುವುದು ತಪ್ಪಲಿಲ್ಲ. ನಾಲ್ಕನೆಯ ದಿನ, ಹಿಂಡಿ ಕೊಳ್ಳಲು ಬಂದಿದ್ದ ಸಾಬರೊಬ್ಬರ ಕೈಗೆ ಸಾವ್ಕಾರರು ಆ ನೋಟ್‌ಬುಕ್ ಕೊಟ್ಟು ಓದಿಸಿದರು. ಮೊದಲ ಹಾಳೆಗಳಲ್ಲಿ ಸ್ವಿಚ್, ಪ್ಯಾಕೆಟ್, ಅಡ್ರೆಸ್... ನಾನು ಹೇಳಿಕೊಟ್ಟ ಪದಗಳು, ಅವುಗಳ ಅರ್ಥ. ಆಮೇಲಿನ ಹಾಳೆಗಳಲ್ಲಿ ಯಂತ್ರ ನಿಂತ ಒಂದೊಂದು ಹೊತ್ತು, ಅದಕ್ಕೆ ಮುಂಚೆ ಯಾವ ಮೋಟಾರ್ ಶುರುವಾಯಿತು ಎಂಬುದು. ಪ್ರತಿ ಸಲವೂ ದೊಡ್ಡ ಮೋಟಾರೇ. ಕೊನೆಗೆ ಒಂದು ಸಾಲು: ಸಣ್ಣ ವೈರು ದೊಡ್ಡ ಮೋಟಾರಿನ ವೈರಿನ ಮಗ್ಗುಲಲ್ಲೇ ಹೋಗಿದೆ, ಪ್ಯಾಕೆಟ್ ಅಲ್ಲೇ ಒಡೆಯುತ್ತಿರಬೇಕು, ಬೇರೆ ಮಾಡಿ ನೋಡಬೇಕು.

ಈಥರ್‌ನೆಟ್ ಕೇಬಲನ್ನು ಬೇರೆ ಮಾಡಿದೆವು; ದೊಡ್ಡ ಮೋಟಾರ್ ಶುರುವಾಗುವಾಗಿನ ಕರೆಂಟಿನ ಹೊಡೆತಕ್ಕೇ ಅದರೊಳಗಿನ ಸುದ್ದಿ ಕೆಡುತ್ತಿತ್ತು. ಯಂತ್ರಗಳು ಮತ್ತೆ ನಿಲ್ಲಲಿಲ್ಲ.

ಸಾವ್ಕಾರರು ಎರಡು ಸಲ ಹೇಳಿಕಳಿಸಿದರೂ ಚಾಚಾ ಬರಲಿಲ್ಲ. ಮೊಳಕಾಲ್ಮೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಹಾಕಿಕೊಂಡರು. ವರ್ಷದ ಮೇಲೆ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, ತಪ್ಪಾಯ್ತು ಚಾಚಾ ಎಂದೆ. ಅವರು ಸಿಟ್ಟಾಗಲಿಲ್ಲ.

"ಏನ್ ಬರೀತೀರಿ ಅಂತ ಒಂದ್ ಮಾತು ಕೇಳಿದ್ರೆ ನಾನೇ ಓದಿ ಹೇಳ್ತಿದ್ದೆ, ಬೇಟಿ."

ಅಷ್ಟರಲ್ಲಿ ಅವರ ಬಸ್ಸು ಬಂತು.

ಮುಂದೆ ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಮಣ್ಣು ಕೊಟ್ಟು ವಾರವಾಗಿತ್ತು. ಮನೆಗೆ ಹೋದೆ. ಚಾಚಿ ಚಹಾ ಕೊಟ್ಟು, ನೀನು ಯಾರಮ್ಮಾ ಎಂದು ಕೇಳಿದರು. ಗಿರಣಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದೆ ಎಂದಷ್ಟೇ ಹೇಳಲು ನನ್ನಿಂದಾಯಿತು. ಉಳಿದದ್ದನ್ನು ಇಷ್ಟು ವರ್ಷಗಳ ಮೇಲೆ ಬರೆಯುತ್ತಿದ್ದೇನೆ... ಈಗ ಚಾಚಿಯೂ ಇಲ್ಲ.